ದಿನಕ್ಕೊಂದು ಮಿಲಿಮೀಟರ್: ಕಾಲಿಗೆ ರಿಂಗು ಹಾಕಿಸಿಕೊಂಡವರಿಗೆ ಯಶಸ್ಸಿನ ಸೂತ್ರಗಳು

ಬೆಂಗಳೂರಿನ ಬೈರಸಂದ್ರದ ಸಂಜಯ್ ಗಾಂಧಿ ಆಸ್ಪತ್ರೆಯ ಓಪಿಡಿ ಮುಂದೆ ಒಂದು ಬೆಳಗ್ಗೆ ಕೂತು ನೋಡಿ. ಕಾಲಿನ ಸುತ್ತ ಉಕ್ಕಿನ ಬಳೆಗಳು, ಬಳೆಯಿಂದ ಬಳೆಗೆ ಕಂಬಿ, ಚರ್ಮ ತೂರಿ ಎಲುಬಿನೊಳಗೆ ಹೋದ ತಂತಿಗಳು. ಇಂಥ ಕಾಲನ್ನು ವೀಲ್‌ಚೇರಿನ ಮುಂದಕ್ಕೆ ಚಾಚಿಕೊಂಡು ಕೂತವರು ಕಣ್ಣಿಗೆ ಬೀಳುತ್ತಾರೆ. ಬೈಕ್ ಅಪಘಾತದಲ್ಲಿ ಎಲುಬಿನ ತುಂಡೇ ಹೋದವರು, ಮುರಿದದ್ದು ಕೂಡದೆ ಕೀವು ಕಟ್ಟಿದವರು, ಹುಟ್ಟಿನಿಂದ ಒಂದು ಕಾಲು ಗಿಡ್ಡವಾದವರು. ಖಾಸಗಿ ಆಸ್ಪತ್ರೆಗಳಲ್ಲಿ ಈಚೆಗೆ ಇನ್ನೊಂದು ಗುಂಪೂ ಸೇರಿದೆ: ಎತ್ತರ ಸಾಲದು ಎಂದು ಎರಡೂ ಕಾಲು ಉದ್ದ ಮಾಡಿಸಿಕೊಳ್ಳುವವರು.

ಈ ವಿದ್ಯೆ ಸೈಬೀರಿಯಾದ ಕುರ್ಗಾನ್ ಊರಿನ ವೈದ್ಯ ಗವ್ರೀಲ್ ಇಲಿಜಾರೋವ್ ಅವರದು. ಎಲುಬನ್ನು ಜೋಪಾನವಾಗಿ ಕತ್ತರಿಸಿ ಎರಡು ತುದಿಗಳನ್ನು ಈ ಬಳೆ ಕಂಬಿಗಳ ಫ್ರೇಮಿನಿಂದ ಬಲು ನಿಧಾನವಾಗಿ ದೂರ ಸರಿಸಿದರೆ, ನಡುವಿನ ಸಂದಿನಲ್ಲಿ ದೇಹವೇ ಹೊಸ ಎಲುಬು ಕಟ್ಟುತ್ತದೆ ಎಂದು 1950ರ ದಶಕದಲ್ಲಿ ಅವರು ಕಂಡುಕೊಂಡರು. ಪಶ್ಚಿಮದ ವೈದ್ಯರಿಗೆ ಇದು ಸರಿಯಾಗಿ ಪರಿಚಯವಾದದ್ದು 1981ರಲ್ಲಿ, ಅವರು ಇಟಲಿಗೆ ಹೋಗಿ ಉಪನ್ಯಾಸ ಕೊಟ್ಟ ಮೇಲೆ.

ಆಪರೇಷನ್ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ಉಳಿದದ್ದೆಲ್ಲ ಜಯನಗರದ ಹಳೇ ಮನೆಯ ಹಜಾರದಲ್ಲೋ ಬಿಟಿಎಂನ ಬಾಡಿಗೆ ಕೋಣೆಯಲ್ಲೋ ತಿಂಗಳುಗಟ್ಟಲೆ ನಡೆಯಬೇಕು. ಆಗ ಎಲುಬು ಬಹುಮಟ್ಟಿಗೆ ತನ್ನ ಪಾಡಿಗೆ ತಾನು ಬೆಳೆಯುತ್ತದೆ. ತಕರಾರು ತೆಗೆಯುವುದು ಸ್ನಾಯು, ನರ, ಕೀಲು. ಕೆಳಗಿನ ಸೂತ್ರಗಳಲ್ಲಿ ಹೆಚ್ಚಿನವು ಅವನ್ನು ಒಲಿಸಿಕೊಳ್ಳುವ ಉಪಾಯಗಳೇ. ನಿಮ್ಮ ಸರ್ಜನ್ ಹೇಳಿದ್ದಕ್ಕೂ ಇಲ್ಲಿನದಕ್ಕೂ ವ್ಯತ್ಯಾಸ ಕಂಡರೆ ಸರ್ಜನ್ ಮಾತೇ ನಡೆಯಲಿ.

1. ಮೊದಲು ಕ್ಯಾಲೆಂಡರ್ ತೆಗೆಯಿರಿ

ಲೆಕ್ಕ ಸರಳ. ಎಲುಬು ಕತ್ತರಿಸಿದ ಮೇಲೆ ವಾರದಷ್ಟು ಕಾಲ ಏನೂ ಮಾಡದೆ ಕಾಯುತ್ತಾರೆ. ಆಮೇಲೆ ದಿನಕ್ಕೆ ಸುಮಾರು 1 ಮಿಲಿಮೀಟರ್ ಸರಿಸುತ್ತಾರೆ. ಅಂದರೆ 5 ಸೆಂಟಿಮೀಟರಿಗೆ 50 ದಿನ. ಜನ ಇಲ್ಲಿಗೇ ಲೆಕ್ಕ ನಿಲ್ಲಿಸಿ, ಎರಡು ತಿಂಗಳ ರಜೆ ಸಾಕು ಅಂದುಕೊಳ್ಳುತ್ತಾರೆ. ಆದರೆ ಸಂದಿನಲ್ಲಿ ಮೂಡಿದ ಮೆತ್ತನೆಯ ಎಲುಬು ಗಟ್ಟಿಯಾಗಲು ಸರಿಸಿದ್ದಕ್ಕಿಂತ ಎರಡು ಪಟ್ಟು, ಕೆಲವರಿಗೆ ಇನ್ನೂ ಹೆಚ್ಚು ಸಮಯ ಹಿಡಿಯುತ್ತದೆ. ಒಟ್ಟಿನಲ್ಲಿ ಒಂದು ಸೆಂಟಿಮೀಟರಿಗೆ ಒಂದರಿಂದ ಒಂದೂವರೆ ತಿಂಗಳು ಫ್ರೇಮು ಕಾಲಲ್ಲೇ ಇರುತ್ತದೆ ಎಂದು ಇಟ್ಟುಕೊಳ್ಳಿ. ಮಕ್ಕಳಲ್ಲಿ ಬೇಗ, ಬೀಡಿ ಸಿಗರೇಟು ಸೇದುವವರಲ್ಲಿ ತಡ. ಆಫೀಸಿನ ರಜೆ, ಪರೀಕ್ಷೆ, ಮನೆ ಬಾಡಿಗೆಯ ಕರಾರು, ತಂಗಿಯ ಮದುವೆ ಎಲ್ಲವನ್ನೂ ಈ ಲೆಕ್ಕದ ಮೇಲೆ ಹೊಂದಿಸಿ.

ದುಡ್ಡಿನ ಲೆಕ್ಕವೂ ಈಗಲೇ ಆಗಲಿ. ಫ್ರೇಮು ತೆಗೆಯಲು ಇನ್ನೊಮ್ಮೆ ಆಪರೇಷನ್ ಥಿಯೇಟರಿಗೆ ಹೋಗಬೇಕಾಗಬಹುದು; ಅದು ಮೊದಲ ಬಿಲ್ಲಿನಲ್ಲೇ ಸೇರಿದೆಯೇ ಕೇಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡು ಇದ್ದರೆ ಯಾವ ಖರ್ಚು ಸಿಗುತ್ತದೆ ಎಂದು ಅಡ್ಮಿಟ್ ಆಗುವ ಮುಂಚೆಯೇ ವಿಚಾರಿಸಿ. ಎತ್ತರಕ್ಕಾಗಿ ಮಾತ್ರ ಮಾಡಿಸುವುದಾದರೆ ವಿಮೆಯ ಆಸೆ ಬಿಡಿ.

2. ಮನೆಯವರಿಗೆ ಹೇಳಿಯೇ ಮಾಡಿಸಿ

2016ರಲ್ಲಿ ಹೈದರಾಬಾದಿನ ಯುವಕನೊಬ್ಬ ಮನೆಯಲ್ಲಿ ಹೇಳದೆ ಎತ್ತರ ಹೆಚ್ಚಿಸುವ ಆಪರೇಷನ್ ಮಾಡಿಸಿಕೊಂಡು, ಹೆತ್ತವರು ಆಸ್ಪತ್ರೆಗೇ ಬಂದು ಗಲಾಟೆ ಮಾಡಿ, ಸುದ್ದಿ ದೇಶವೆಲ್ಲ ಹರಡಿತು. ಸರಿ ತಪ್ಪಿನ ಚರ್ಚೆ ಹಾಗಿರಲಿ. ಮೊದಲ ತಿಂಗಳು ಬಚ್ಚಲಿಗೆ ಹೋಗಲೂ ಇನ್ನೊಬ್ಬರ ಭುಜ ಬೇಕು. ಗುಟ್ಟು ಮಾಡಿ ಪಿಜಿಯಲ್ಲಿ ಒಬ್ಬರೇ ಮಲಗಿ ಗೆದ್ದು ಬರುವ ಚಿಕಿತ್ಸೆ ಇದಲ್ಲ. ಅಮ್ಮ ಅಳುತ್ತಾರೆ, ಅಪ್ಪ ಬೈಯುತ್ತಾರೆ. ಆಪರೇಷನ್ನಿಗೆ ಮುಂಚೆಯೇ ಅದು ಮುಗಿದುಹೋಗಲಿ.

3. ನೆಲಮಹಡಿಗೆ ಇಳಿಯಿರಿ

ನಮ್ಮ ದಕ್ಷಿಣ ಬೆಂಗಳೂರಿನ 30×40 ಅಡಿ ಸೈಟುಗಳಲ್ಲಿ ಓನರ್ ಕೆಳಗೆ, ಬಾಡಿಗೆಯವರು ಮೇಲೆ, ನಡುವೆ ಹೊರಗಡೆಯ ಇಕ್ಕಟ್ಟಿನ ಮೆಟ್ಟಿಲು. ರಿಂಗು ಕಟ್ಟಿದ ಕಾಲು ಮಾಮೂಲಿ ಕಾಲಿನ ಎರಡರಷ್ಟು ಅಗಲ. ಆ ಮೆಟ್ಟಿಲಿನ ತಿರುವಿನಲ್ಲಿ ಕಂಬಿ ಗೋಡೆಗೆ ತಾಗದೆ ಇರುವುದಿಲ್ಲ. ಆಗುವುದಾದರೆ ಆರು ತಿಂಗಳ ಮಟ್ಟಿಗೆ ಕೆಳಗಿನ ಮನೆಗೆ, ಇಲ್ಲವೇ ಲಿಫ್ಟಿರುವ ಅಪಾರ್ಟ್‌ಮೆಂಟಿನ ನೆಂಟರ ಮನೆಗೆ ಹೋಗಿ. ಸಾಧ್ಯವೇ ಇಲ್ಲದಿದ್ದರೆ ಈ ಮಂತ್ರ ನೆನಪಿಡಿ: ಹತ್ತುವಾಗ ಒಳ್ಳೇ ಕಾಲು ಮುಂದೆ, ಇಳಿಯುವಾಗ ರಿಂಗಿನ ಕಾಲು ಮುಂದೆ. ಎರಡೂ ಕಾಲಿಗೆ ಫ್ರೇಮು ಬಿದ್ದವರಿಗೆ ಈ ಮಂತ್ರ ಉಪಯೋಗಕ್ಕೆ ಬಾರದು, ಅವರಿಗೆ ಮೆಟ್ಟಿಲಿನ ಸಹವಾಸವೇ ಬೇಡ.

ಮನೆಯೊಳಗೆ ಮೂರು ಕಡೆ ಗಮನ ಕೊಡಿ. ಬಚ್ಚಲಿಗೆ ಹಿಡಿಕಂಬಿ, ಜಾರದ ಮ್ಯಾಟು, ಕೈಯಿರುವ ಪ್ಲಾಸ್ಟಿಕ್ ಕುರ್ಚಿ ಬೇಕು. ಕಮೋಡು ತಗ್ಗಾಗಿದ್ದರೆ ಮೇಲೆ ಕೂರಿಸುವ ಎತ್ತರದ ಸೀಟು ಸರ್ಜಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಹಳೇ ಮನೆಗಳ ದಪ್ಪ ಹೊಸ್ತಿಲು ವಾಕರ್‌ಗೆ ಪರಮಶತ್ರು. ಬಡಗಿಯನ್ನು ಕರೆಸಿ ಎರಡು ಕಡೆಯೂ ಇಳಿಜಾರಿನ ಹಲಗೆ ಹೊಡೆಸಿ. ಕಾಲೊರಸು ಚಿಂದಿಗಳನ್ನೆಲ್ಲ ಎತ್ತಿಡಿ.

4. ನಟ್ ತಿರುಗಿಸುವುದು ಒಬ್ಬರ ಕೆಲಸವಾಗಿರಲಿ, ಬರವಣಿಗೆಯಲ್ಲಿರಲಿ

ಇಡೀ ಚಿಕಿತ್ಸೆಯ ಜೀವ ಇಲ್ಲಿದೆ. ದಿನದ 1 ಮಿಲಿಮೀಟರನ್ನು ಒಂದೇ ಸಲಕ್ಕೆ ಎಳೆಯುವುದಿಲ್ಲ, 0.25ರಂತೆ ನಾಲ್ಕು ಕಂತು. ಬೆಳಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರು, ಮಲಗುವ ಮುಂಚೆ ಒಮ್ಮೆ. ಇಲಿಜಾರೋವ್ ಫ್ರೇಮಿನ ಕಂಬಿಯ ಮರೆ ಹೀಗಿದೆ: ನಟ್ ಪೂರ್ತಿ ಒಂದು ಸುತ್ತು ಬಂದರೆ 1 ಮಿಲಿಮೀಟರ್, ಕಾಲು ಸುತ್ತಿಗೆ 0.25. ಬೇಕಾದದ್ದು ಹತ್ತರ ಸ್ಪ್ಯಾನರ್, ಅಂದರೆ ಬೈಕ್ ಮೆಕ್ಯಾನಿಕ್ ದಿನವೆಲ್ಲ ಕೈಯಲ್ಲಿ ಹಿಡಿದಿರುವಂಥದ್ದೇ. ಆಸ್ಪತ್ರೆಯವರು ಕೊಟ್ಟದ್ದನ್ನು ಮಾತ್ರ ಬಳಸಿ, ಗ್ಯಾರೇಜಿನ ಗ್ರೀಸು ಕಾಲಿಗೆ ಬೇಡ.

ಡಿಸ್ಚಾರ್ಜ್ ಆಗುವ ಮುಂಚೆ ಡಾಕ್ಟರ ಎದುರಿಗೇ ನೀವು ಅಥವಾ ಮನೆಯವರು ತಿರುಗಿಸಿ ತೋರಿಸಿ. ಯಾವ ನಟ್, ಯಾವ ದಿಕ್ಕಿಗೆ ಎಂದು ಅವರಿಂದಲೇ ಗುರುತು ಹಾಕಿಸಿಕೊಳ್ಳಿ. ನಟ್ಟಿನ ಒಂದು ಮುಖಕ್ಕೆ ಕೆಂಪು ನೇಲ್‌ಪಾಲಿಶ್ ಹಚ್ಚಿದರೆ ಕಾಲು ಸುತ್ತು ಆಯಿತೋ ಇಲ್ಲವೋ ಎಂಬ ಜಗಳವೇ ಇರುವುದಿಲ್ಲ. ಒಂದು ಕಂಬಿ ತಿರುಗಿಸಿ ಇನ್ನೊಂದನ್ನು ಮರೆತರೆ ಎಲುಬು ಓರೆಯಾಗಿ ಬೆಳೆಯುತ್ತದೆ, ಆದ್ದರಿಂದ ಕಂಬಿಗಳಿಗೆ ಒಂದು, ಎರಡು, ಮೂರು, ನಾಲ್ಕು ಎಂದು ಚೀಟಿ ಅಂಟಿಸಿ ಅದೇ ಕ್ರಮದಲ್ಲಿ ಸುತ್ತಿ ಬನ್ನಿ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ತಾರೀಖು, ಹೊತ್ತು, ಟಿಕ್. ವಾರಕ್ಕೊಮ್ಮೆ ಸ್ಕೇಲು ಹಿಡಿದು ಪ್ರತಿ ಕಂಬಿಯಲ್ಲೂ ರಿಂಗುಗಳ ನಡುವಿನ ಅಂತರ ಅಳೆದು ಬರೆಯಿರಿ. ಈ ಪುಸ್ತಕ ನೋಡಿದ ಡಾಕ್ಟರು ನಿಮ್ಮೊಡನೆ ಮಾತಾಡುವ ಧಾಟಿಯೇ ಬದಲಾಗುತ್ತದೆ.

ಒಂದು ಹೊತ್ತು ತಪ್ಪಿದರೆ ಮುಂದಿನ ಹೊತ್ತಿಗೆ ಎರಡು ಸೇರಿಸಿ ತಿರುಗಿಸಬೇಡಿ, ಫೋನ್ ಮಾಡಿ ಕೇಳಿ. ಅವಸರಪಟ್ಟರೆ ಸಂದಿನಲ್ಲಿ ಎಲುಬು ಹುಟ್ಟುವುದೇ ಇಲ್ಲ, ನರಕ್ಕೂ ಪೆಟ್ಟು. ಸೋಮಾರಿತನ ಮಾಡಿದರೆ ಎಲುಬು ಅವಧಿಗೆ ಮುಂಚೆಯೇ ಕೂಡಿಕೊಂಡು, ಮತ್ತೆ ಕತ್ತರಿಸಬೇಕಾಗುತ್ತದೆ. ಆರು ಓರೆ ಕಂಬಿಗಳ (ಸ್ಟ್ರಟ್), ಕಂಪ್ಯೂಟರ್ ಲೆಕ್ಕದ ಫ್ರೇಮ್ ಆದರೆ ದಿನವಹಿ ಪಟ್ಟಿಯನ್ನು ಆಸ್ಪತ್ರೆಯೇ ಕೊಡುತ್ತದೆ. ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ.

5. ಪಿನ್ನಿನ ಬುಡಕ್ಕೆ ಅರಿಶಿನ ಮೆತ್ತಬೇಡಿ

ತಂತಿ, ಪಿನ್ ಚರ್ಮದೊಳಗೆ ಹೋಗುವ ಜಾಗದಲ್ಲಿ ಒಂದಲ್ಲ ಒಂದು ಸಲ ಸೋಂಕು ಬಹುತೇಕ ಎಲ್ಲರಿಗೂ ಆಗುತ್ತದೆ. ಹೆದರಬೇಕಾದ್ದಿಲ್ಲ, ಉದಾಸೀನವೂ ಕೂಡದು. ತಿಳಿ ನೀರಿನಂಥ ಸ್ರಾವ, ಒಣ ಹಕ್ಕಳೆ ಮಾಮೂಲು. ಬುಡ ಕೆಂಪಾಗಿ ಊದಿ, ಮುಟ್ಟಿದರೆ ಚುರ್ ಎಂದು, ಸ್ರಾವ ದಪ್ಪಗೆ ಹಳದಿಯಾದರೆ ಫೋಟೋ ತೆಗೆದು ಅದೇ ದಿನ ಆಸ್ಪತ್ರೆಗೆ ಕಳಿಸಿ. ಬೇಗ ಹಿಡಿದರೆ ಮಾತ್ರೆಯಲ್ಲೇ ಹೋಗುತ್ತದೆ. ಬಿಟ್ಟರೆ ಪಿನ್ ಸಡಿಲವಾಗುತ್ತದೆ, ಕೀವು ಎಲುಬಿಗಿಳಿಯುತ್ತದೆ.

ಡ್ರೆಸ್ಸಿಂಗ್ ದಿನಾ ಮಾಡಬೇಕೋ ವಾರಕ್ಕೊಮ್ಮೆಯೋ ಎಂಬುದರಲ್ಲಿ ಆಸ್ಪತ್ರೆಗೊಂದು ಪದ್ಧತಿ. ನಿಮ್ಮವರು ಹೇಳಿದ್ದನ್ನು ಹಿಡಿಯಿರಿ, ಪಕ್ಕದ ಬೆಡ್ಡಿನವರದ್ದನ್ನಲ್ಲ. ಎಲ್ಲ ಪದ್ಧತಿಗೂ ಸಮಾನವಾದದ್ದು ಇಷ್ಟು: ಕೈ ಸೋಪಿನಲ್ಲಿ ತೊಳೆಯಿರಿ, ಒಂದು ಪಿನ್ನಿಗೆ ಬಳಸಿದ ಗಾಜ್ ಇನ್ನೊಂದಕ್ಕೆ ಮುಟ್ಟಿಸಬೇಡಿ, ನೂಲು ಬಿಡುವ ಹತ್ತಿ ಬೇಡ, ಮನೆಮದ್ದು ಯಾವುದೂ ಬೇಡ. ಟ್ಯಾಂಕರ್ ನೀರು, ಸಂಪಿನ ನೀರು ಕಾಲಿಗೆ ಸೋಕಬಹುದೇ ಎಂಬುದನ್ನೂ ಡಾಕ್ಟರನ್ನೇ ಕೇಳಿ. ಅಲ್ಲಿಯವರೆಗೆ ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಸ್ನಾನ.

6. ಮೊಣಕಾಲಡಿಯ ದಿಂಬನ್ನು ಕಿತ್ತೊಗೆಯಿರಿ

ಮೊಣಕಾಲು ಸ್ವಲ್ಪ ಮಡಚಿ ಅಡಿಗೊಂದು ದಿಂಬು ಕೊಟ್ಟರೆ ಹಾಯೆನಿಸುತ್ತದೆ. ಅತ್ತೆ, ಚಿಕ್ಕಮ್ಮ ಪ್ರೀತಿಯಿಂದ ಇಡುವ ಈ ದಿಂಬಿನಷ್ಟು ಕೆಡುಕು ಇನ್ನೊಂದಿಲ್ಲ. ರಾತ್ರಿಯೆಲ್ಲ ಮಡಚಿಕೊಂಡ ಮೊಣಕಾಲು ವಾರಗಳಲ್ಲಿ ಹಾಗೇ ಬಿಗಿದುಕೊಳ್ಳುತ್ತದೆ. ದಿಂಬು ಹಿಮ್ಮಡಿಯ ಅಡಿಗೆ ಹೋಗಲಿ, ಮೊಣಕಾಲು ನೇರವಾಗಿರಲಿ. ಮೀನಖಂಡದ ಎಲುಬು ಉದ್ದವಾಗುವಾಗ ಹಿಮ್ಮಡಿಯ ನರ ಎಂದು ನಾವು ಕರೆಯುವ ದಪ್ಪ ಸ್ನಾಯುರಜ್ಜು ಬಿಗಿದು ಪಾದ ಕೆಳಗೆ ಜೋತುಬೀಳುತ್ತದೆ. ಅದಕ್ಕೇ ಪಾದಕ್ಕೊಂದು ಹಲಗೆ ಕೊಟ್ಟು ರಬ್ಬರ್ ಪಟ್ಟಿಯಿಂದ ಫ್ರೇಮಿಗೆ ಎಳೆದು ಕಟ್ಟುವುದು. ಕಿರಿಕಿರಿಯೆಂದು ರಾತ್ರಿ ಅದನ್ನು ಬಿಚ್ಚಿಟ್ಟು ಮಲಗಿದವರು ಮುಂದೆ ತುದಿಗಾಲಲ್ಲಿ ನಡೆಯುತ್ತಾರೆ.

7. ಫಿಸಿಯೋ ತಪ್ಪಿಸಿದರೆ ಉದ್ದವಾದ ಕಾಲು ಸಿಗುತ್ತದೆ, ನಡೆಯುವ ಕಾಲು ಸಿಗುವುದಿಲ್ಲ

ಎಲುಬು ದಿನಕ್ಕೆ ಒಂದು ಮಿಲಿಮೀಟರ್ ಓಡಿದರೆ ಸ್ನಾಯುವೂ ಅಷ್ಟೇ ಓಡಬೇಕು. ಅದಕ್ಕೆ ಮನಸ್ಸಿಲ್ಲ. ಹಾಗಾಗಿ ಎಳೆತದ ವ್ಯಾಯಾಮ ದಿನಕ್ಕೆ ಹಲವು ಸಲ, ಹತ್ತಿಪ್ಪತ್ತು ನಿಮಿಷದಂತೆ. ತೊಡೆ ಎಲುಬಾದರೆ ಮೊಣಕಾಲು ಮಡಚುವುದೇ ದೊಡ್ಡ ಯುದ್ಧ. ಮೀನಖಂಡವಾದರೆ ಪಾದವನ್ನು ಮೇಲಕ್ಕೆ ತರುವುದು. ಫಿಸಿಯೋಥೆರಪಿಸ್ಟ್ ಮನೆಗೆ ಬಂದು ಹೋಗುವ ಅರ್ಧ ಗಂಟೆಯೇ ವ್ಯಾಯಾಮ ಎಂದುಕೊಳ್ಳಬೇಡಿ. ಅವರು ಪಾಠ ಹೇಳುತ್ತಾರೆ, ಹೋಂವರ್ಕ್ ನಿಮ್ಮದು.

ಯಾರ ಹತ್ತಿರ ಹೋಗುವುದು ಎಂದು ಹುಡುಕುವಾಗ ಕೇಳಬೇಕಾದ ಪ್ರಶ್ನೆ ಒಂದೇ: ರಿಂಗು ಇರುವ ಕಾಲಿಗೆ ಮುಂಚೆ ವ್ಯಾಯಾಮ ಮಾಡಿಸಿದ್ದೀರಾ? ಕಂಬಿ ಕಂಡ ಕೂಡಲೇ ಕೈ ಹಿಂದೆಗೆಯುವವರು ಬೇಡ. 1994ರಲ್ಲಿ ಶುರುವಾದ, ಜೆ.ಪಿ. ನಗರ ಎರಡನೇ ಹಂತದಲ್ಲಿರುವ ಮೊಬಿಲಿಟಿ ಇಂಡಿಯಾದಂಥ ಸಂಸ್ಥೆ ಕೈಗೆಟಕುವ ದೂರದಲ್ಲಿದೆ. ಕಾಲಿನ ಪಟ್ಟಿ, ಊರುಗೋಲು, ನಡಿಗೆಯ ತರಬೇತಿ ಇವುಗಳನ್ನೇ ಕಸುಬು ಮಾಡಿಕೊಂಡವರು ಅಲ್ಲಿದ್ದಾರೆ.

ಡಾಕ್ಟರು ಊರಬಹುದು ಎಂದರೆ ಕಾಲು ಊರಿ. ಇಲಿಜಾರೋವ್ ರಿಂಗಿನ ಹೆಚ್ಚುಗಾರಿಕೆಯೇ ಅದು: ಭಾರ ಬಿದ್ದಷ್ಟೂ ಎಲುಬು ಗಟ್ಟಿಯಾಗುತ್ತದೆ. ಹೈಜಂಪ್‌ನಲ್ಲಿ 1964ರ ಟೋಕಿಯೋ ಒಲಿಂಪಿಕ್ ಚಿನ್ನ ಗೆದ್ದ ವಲೇರಿ ಬ್ರುಮೆಲ್ ಮರುವರ್ಷವೇ ಬೈಕ್ ಅಪಘಾತದಲ್ಲಿ ಕಾಲು ನುಚ್ಚುನೂರು ಮಾಡಿಕೊಂಡ. ಆಪರೇಷನ್ ಮೇಲೆ ಆಪರೇಷನ್ ಆಗಿ, ಕೊನೆಗೆ ಇಲಿಜಾರೋವ್ ಕೈಗೆ ಬಂದ ಮೇಲೆ ಮತ್ತೆ ಜಿಗಿಯುವಂತಾದ. ಮಲಗಿ ಸುಧಾರಿಸಿಕೊಂಡವನಲ್ಲ ಅವನು.

8. ಮಾತ್ರೆ ಹೊತ್ತಿಗೆ, ಸಿಗರೇಟು ಎಂದೂ ಬೇಡ

ನೋವು ತಡೆದುಕೊಂಡರೆ ಪದಕ ಕೊಡುವವರಿಲ್ಲ. ಬರೆದುಕೊಟ್ಟ ಮಾತ್ರೆಯನ್ನು ವ್ಯಾಯಾಮಕ್ಕೆ ಅರ್ಧ ಮುಕ್ಕಾಲು ಗಂಟೆ ಮುಂಚೆ ತೆಗೆದುಕೊಳ್ಳಬಹುದೇ ಎಂದು ಕೇಳಿ. ಆದರೆ ಮೆಡಿಕಲ್ ಸ್ಟೋರಿನಲ್ಲಿ ಸಿಕ್ಕ ಸಿಕ್ಕ ನೋವಿನ ಗುಳಿಗೆ ನುಂಗಬೇಡಿ, ಅವುಗಳಲ್ಲಿ ಕೆಲವು ಎಲುಬು ಕಟ್ಟುವುದನ್ನೇ ನಿಧಾನ ಮಾಡಬಲ್ಲವು. ನಿಕೋಟಿನ್ ವಿಷಯದಲ್ಲಿ ಚೌಕಾಸಿಯೇ ಇಲ್ಲ. ಸಿಗರೇಟು, ಬೀಡಿ, ಹೊಗೆಸೊಪ್ಪು, ಗುಟ್ಕಾ ಯಾವ ವೇಷದಲ್ಲಿ ಬಂದರೂ ಹೊಸ ಎಲುಬಿಗೆ ರಕ್ತ ಸಾಲದಾಗುತ್ತದೆ.

9. ಮುದ್ದೆಗೆ ಹುರುಳಿ ಸಾರು, ಜೊತೆಗೊಂದು ಮೊಟ್ಟೆ

ಎಲುಬು ಕಟ್ಟುವುದಕ್ಕೆ ಕ್ಯಾಲ್ಸಿಯಂ ಅಷ್ಟೇ ಸಾಲದು, ಪ್ರೋಟೀನೂ ಬೇಕು, ಹೊಟ್ಟೆತುಂಬ ಊಟವೂ ಬೇಕು. ನಮ್ಮ ಅಡುಗೆಮನೆಗೆ ಇದೇನು ಹೊಸದಲ್ಲ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಹುರುಳಿಕಾಳು, ಅವರೆಕಾಳು, ನುಗ್ಗೆಸೊಪ್ಪು, ಎಳ್ಳು, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು. ನೋವಿನ ಮಾತ್ರೆಗೆ ಹಸಿವು ಸಾಯುತ್ತದೆ, ಮಲ ಕಟ್ಟುತ್ತದೆ; ಸೊಪ್ಪು, ಪಪಾಯ, ನೀರು ಜಾಸ್ತಿ ಇರಲಿ. ವಿಟಮಿನ್ ಡಿ ರಕ್ತಪರೀಕ್ಷೆ ಆಪರೇಷನ್ನಿಗೆ ಮುಂಚೆಯೇ ಮಾಡಿಸಿ. ಮನೆಯ ಮುಂದೆ ಬಿಸಿಲು ಕಾಯಿಸುವುದು ಒಳ್ಳೆಯದೇ, ಆದರೆ ಅಪಾರ್ಟ್‌ಮೆಂಟಿನ ಎರಡಡಿ ಬಾಲ್ಕನಿಯನ್ನು ನಂಬಿ ಡಾಕ್ಟರು ಕೊಟ್ಟ ಮಾತ್ರೆ ಬಿಡಬೇಡಿ.

10. ದರ್ಜಿ, ಚಮ್ಮಾರ ಇಬ್ಬರನ್ನೂ ಒಲಿಸಿಕೊಳ್ಳಿ

ಪ್ಯಾಂಟು ಮರೆತುಬಿಡಿ. ಗಂಡಸರಿಗೆ ಪಂಚೆ, ಲುಂಗಿ. ಹೆಂಗಸರಿಗೆ ನೈಟಿ, ಅಗಲ ಲಂಗ. ಆಫೀಸಿಗೆ ಹೋಗುವವರು ಹಳೇ ಟ್ರ್ಯಾಕ್ ಪ್ಯಾಂಟಿನ ಹೊರಹೊಲಿಗೆಯನ್ನು ಸೊಂಟದ ತನಕ ಬಿಚ್ಚಿಸಿ ವೆಲ್ಕ್ರೋ ಹಾಕಿಸಿ. ಫ್ರೇಮಿಗೆ ಮೆತ್ತನೆಯ ಬಟ್ಟೆಯಲ್ಲಿ ಒಂದು ಗವಸು ಹೊಲಿಸಿದರೆ ಧೂಳು ತಡೆಯುತ್ತದೆ, ಹಾಸಿಗೆ ಹರಿಯುವುದಿಲ್ಲ, ಇನ್ನೊಂದು ಕಾಲು ಪರಚುವುದಿಲ್ಲ, ಬಸ್ಸಿನಲ್ಲಿ ಜನ ದಿಟ್ಟಿಸುವುದೂ ತಪ್ಪುತ್ತದೆ.

ಒಂದೇ ಕಾಲು ಗಿಡ್ಡವಿರುವವರು ಆ ಚಪ್ಪಲಿಗೆ ಅಟ್ಟೆ ಏರಿಸಿಕೊಂಡಿರುತ್ತೀರಿ. ಈಗ ಅದನ್ನು ಒಂದೊಂದು ಸೆಂಟಿಮೀಟರ್ ದಪ್ಪದ ಪದರಗಳಾಗಿ ಅಂಟಿಸಿಕೊಡಲು ಹೇಳಿ. ಕಾಲು ಒಂದು ಸೆಂಟಿಮೀಟರ್ ಬೆಳೆದಾಗ ಒಂದು ಪದರ ಕೀಳಿಸಿದರಾಯಿತು. ಎಕ್ಸ್‌ರೇ ಫಿಲಂ ನೋಡಿ ಆಗದ ಖುಷಿ ಆ ದಿನ ಆಗುತ್ತದೆ.

11. ಆಟೋಗಿಂತ ಮೆಟ್ರೋ ಮೇಲು

ಆಟೋದಲ್ಲಿ ಕಾಲು ಮಡಚದೆ ಕೂರುವುದು ಕಷ್ಟ. ಸೀಟಿನುದ್ದಕ್ಕೂ ಕಾಲು ಚಾಚಿ ಅಡ್ಡ ಕೂತರೂ ಹಂಪು ಬಂದಾಗಲೆಲ್ಲ ಪ್ರಾಣ ಹೋದಂತಾಗುತ್ತದೆ. ಕ್ಯಾಬ್ ಹಿಡಿದರೆ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿಸಿ ಅಲ್ಲಿ ಕೂರಿ. ಊರುಗೋಲು ಕೈಗೆ ಬಂದ ಮೇಲೆ ಮೆಟ್ರೋ ಪರಮಸುಖ. ಬನಶಂಕರಿ, ಜಯನಗರದವರಿಗೆ ಹಸಿರು ಮಾರ್ಗ ಮೊದಲಿನಿಂದಲೂ ಇತ್ತು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಬಿಟಿಎಂನವರೂ ಜಯದೇವ, ರಾಗಿಗುಡ್ಡ ದಾಟಿ ಆರ್.ವಿ. ರಸ್ತೆಗೆ ಬಂದು ರೈಲು ಬದಲಿಸಬಹುದು. ಲಿಫ್ಟ್ ಇದೆ. ಬೆಳಗ್ಗೆ ಸಂಜೆಯ ನೂಕುನುಗ್ಗಲು ಬಿಟ್ಟು ಹನ್ನೊಂದರ ಮೇಲೆ ಹೊರಡಿ. ಸೆಕ್ಯುರಿಟಿಯಲ್ಲಿ ಮೆಷಿನ್ನು ಕಿರುಚಿಯೇ ಕಿರುಚುತ್ತದೆ. ಗವಸು ಸರಿಸಿ ತೋರಿಸಿ, ಡಿಸ್ಚಾರ್ಜ್ ಸಮರಿಯ ಫೋಟೋ ಫೋನಿನಲ್ಲಿರಲಿ. ನಿಜವಾದ ಪರೀಕ್ಷೆ ಸ್ಟೇಷನ್ನಿಂದ ಹೊರಬಿದ್ದ ಮೇಲೆ: ಫುಟ್‌ಪಾತಿನ ಅಲುಗಾಡುವ ಚಪ್ಪಡಿ ಕಲ್ಲುಗಳ ಮೇಲೆ ಊರುಗೋಲು ಊರುವ ಮುಂಚೆ ತಟ್ಟಿ ನೋಡಿ. ಮಳೆ ಬಂದ ದಿನ ಮನೆಯಲ್ಲೇ ಇರಿ.

12. ನೋಡಲು ಬರುವವರಿಗೆ ಹೊತ್ತು ಗೊತ್ತುಮಾಡಿ

"ಅಯ್ಯೋ, ಇದೇನಪ್ಪಾ ಹೀಗೆ" ಎನ್ನುವವರು ದಿನಕ್ಕೆ ನಾಲ್ಕು ಜನ ಬಂದರೆ ಗಟ್ಟಿಗನೂ ಕುಸಿಯುತ್ತಾನೆ. ಸಂಜೆ ಐದರಿಂದ ಆರು, ಅಷ್ಟೇ. ರಾತ್ರಿ ನಿದ್ದೆ ಬಾರದು, ಸುಮ್ಮಸುಮ್ಮನೆ ಅಳು ಬರುತ್ತದೆ. ಡಾಕ್ಟರಿಗೆ ಕಾಲಿನ ಜೊತೆ ಇದನ್ನೂ ಹೇಳಿ. ಓಪಿಡಿಯಲ್ಲಿ ಪಕ್ಕ ಕೂತ ಇನ್ನೊಬ್ಬ ರಿಂಗಿನವರ ಫೋನ್ ನಂಬರ್ ಪಡೆಯಿರಿ. ಅವರಿಗೆ ಅರ್ಥವಾದಷ್ಟು ಬೇರೆ ಯಾರಿಗೂ ಅರ್ಥವಾಗದು.

13. ಈ ಐದು ಕಂಡರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ

ಪಾದ ಜೋಮು ಹಿಡಿಯುವುದು, ಬೆರಳು ಮೇಲೆತ್ತಲಾಗದಿರುವುದು. ಮಾತ್ರೆಗೂ ಜಗ್ಗದೆ ಏರುತ್ತಲೇ ಹೋಗುವ ನೋವು. ಚಳಿಜ್ವರ. ಮೀನಖಂಡ ಊದಿ ಬಿಗಿಯುವುದು, ಅದರಲ್ಲೂ ಜೊತೆಗೆ ಉಸಿರು ಕಟ್ಟಿದರೆ ಕೂಡಲೇ ಎಮರ್ಜೆನ್ಸಿಗೆ ಓಡಿ. ತಂತಿ ಟಂಗೆಂದು ತುಂಡಾಗುವುದು ಅಥವಾ ನಟ್ ಇದ್ದಕ್ಕಿದ್ದಂತೆ ತಿರುಗದಿರುವುದು. ನರದ ತೊಂದರೆ ಬೇಗ ತಿಳಿದರೆ ಎಳೆತ ನಿಧಾನ ಮಾಡಿ, ಬೇಕಾದರೆ ಕೆಲವು ದಿನ ನಿಲ್ಲಿಸಿ ಸರಿಮಾಡುತ್ತಾರೆ.

14. ನಟ್ ನಿಂತ ಮೇಲೇ ನಿಜವಾದ ತಾಳ್ಮೆ

ಉದ್ದ ಸಿಕ್ಕಾಯಿತು, ನಟ್ ತಿರುಗಿಸುವುದೂ ಇಲ್ಲ. ಇಲ್ಲಿಂದ ಜನ ಕೈಚೆಲ್ಲುತ್ತಾರೆ, ವ್ಯಾಯಾಮ ಬಿಡುತ್ತಾರೆ, ಯಾವಾಗ ಬಿಚ್ಚುತ್ತೀರಿ ಎಂದು ಡಾಕ್ಟರನ್ನು ಪೀಡಿಸುತ್ತಾರೆ. ಎಕ್ಸ್‌ರೇಗಳಲ್ಲಿ ಎಲುಬಿನ ನಾಲ್ಕು ಬದಿಗಳ ಪೈಕಿ ಕಡೇಪಕ್ಷ ಮೂರರಲ್ಲಿ ಹೊಸ ಗೋಡೆ ಗಟ್ಟಿಯಾಗಿ ಕಾಣುವ ತನಕ ಬಿಚ್ಚುವುದಿಲ್ಲ. ಬಿಚ್ಚುವ ಮುನ್ನ ಕಂಬಿಗಳನ್ನು ಸ್ವಲ್ಪ ಸಡಿಲಿಸಿ ಕೆಲವು ವಾರ ನಡೆಸಿ ನೋಡುವುದೂ ಉಂಟು. ಆಗ ಹೊಸದಾಗಿ ನೋವು ಬಂದರೆ ಮುಚ್ಚಿಡಬೇಡಿ, ಎಲುಬು ಇನ್ನೂ ಹಸಿಯಿದೆ ಎಂದು ಅರ್ಥ.

ಫ್ರೇಮು ಹೋದ ದಿನ ಕಾಲು ಗಾಳಿಯಷ್ಟು ಹಗುರ ಅನ್ನಿಸುತ್ತದೆ, ಅಲ್ಲೇ ಅಪಾಯ. ಹೊಸ ಎಲುಬು ಬಾಗುವುದು, ಮುರಿಯುವುದು ಹೆಚ್ಚಾಗಿ ಬಿಚ್ಚಿದ ಮೊದಲ ವಾರಗಳಲ್ಲೇ. ಪ್ಲಾಸ್ಟರ್ ಅಥವಾ ಬ್ರೇಸ್ ಕೊಟ್ಟರೆ ಹೇಳಿದಷ್ಟು ದಿನ ಹಾಕಿಕೊಳ್ಳಿ, ಊರುಗೋಲನ್ನು ಡಾಕ್ಟರು ಹೇಳುವ ತನಕ ಬಿಡಬೇಡಿ. ಪಿನ್ನಿನ ತೂತುಗಳು ಸಾಮಾನ್ಯವಾಗಿ ತಾವೇ ಮುಚ್ಚಿಕೊಳ್ಳುತ್ತವೆ, ಕಪ್ಪು ಕಲೆ ಉಳಿಯುತ್ತದೆ. ಹಬ್ಬದ ಓಡಾಟ, ಬೆಟ್ಟ ಹತ್ತುವುದು, ಬ್ಯಾಡ್ಮಿಂಟನ್ ಎಲ್ಲ ಮುಂದಿನ ವರ್ಷಕ್ಕಿರಲಿ. ಸ್ಕೂಟರಿನ ಕೀಲಿಯನ್ನು ಮನೆಯಲ್ಲಿ ಇನ್ನೊಬ್ಬರ ಕೈಗೆ ಕೊಟ್ಟುಬಿಡಿ. ಕೊನೆಯ ಎಕ್ಸ್‌ರೇ ನೋಡಿ ಸರ್ಜನ್ "ಆಗಲಿ" ಎಂದ ಮೇಲೆ ಅವರಿಂದ ಕೇಳಿ ಪಡೆಯಿರಿ.